ಏಳನೆಯ ನಿಯಮ

ಚಿತ್ತಾಕುಲ
18 ಏಪ್ರಿಲ್ 2004

ತಮ್ಮ ನಿತೇಶನಿಗೆ ಅಕ್ಕನ ಆಶೀರ್ವಾದ.

ಮೇಲಿನ ವಿಳಾಸ ನೋಡಿ ಗಾಬರಿಯಾಗಬೇಡ. ಹಾರವಾಡದ ನಮ್ಮ ಮನೆ ಅಲ್ಲೇ ಇದೆ, ಬೀಗ ಹಾಕಿ ಬಂದಿದ್ದೇನೆ. ಅಂಗನವಾಡಿ ಬಿಟ್ಟ ಮೇಲೆ ಆರು ತಿಂಗಳು ಸುಮ್ಮನೆ ಕುಳಿತೆ. ಇನ್ನು ಗೋಡೆಗೆ ಅ ಆ ಇ ಈ ಕಲಿಸುವುದೊಂದು ಬಾಕಿ ಇತ್ತು. ಅಷ್ಟರಲ್ಲಿ ಈ ಕೆಲಸ ಬಂತು. ಕಾಳಿ ನದಿ ಸಮುದ್ರ ಸೇರುವ ಕಡೆ ಒಂದು ಹೊಸ ಬಂಗಲೆ. ಒಡೆಯರು ಪುಣೆಯಲ್ಲಿ ದೊಡ್ಡ ಕಂತ್ರಾಟುದಾರರು, ಮೂಲ ನಮ್ಮ ಕಡೆಯವರೇ. ಆಗೊಮ್ಮೆ ಈಗೊಮ್ಮೆ ಬರುತ್ತಾರೆ. ಉಳಿದ ದಿನ ಮನೆ ಗುಡಿಸಿ ಒರೆಸಿ, ದೇವರಿಗೂ ತುಳಸಿಗೂ ದೀಪ ಹಚ್ಚಿಕೊಂಡು ಇರಬೇಕು. ಹಿಂದುಗಡೆಯ ಎರಡು ಕೋಣೆ ನಮಗೆ.

ನಮಗೆ ಅಂದರೆ ನನಗೆ ಮತ್ತು ನಾಗುವಿಗೆ. ದೀಪಾಲಿ ಮತ್ತು ಅಳಿಯ ಇಬ್ಬರೂ ಗೋವೆಯ ಮಡಗಾಂವಿನಲ್ಲಿ ಒಂದು ಕೋಣೆ ಹಿಡಿದು ಬೆಳಗ್ಗೆ ಕೆಲಸಕ್ಕೆ ಹೋದರೆ ಸಂಜೆಯೇ ಬರುವುದು. ಮಗುವನ್ನು ಯಾರು ನೋಡಬೇಕು? ಅಜ್ಜಿ ಇದ್ದಾಳಲ್ಲ. ಶನಿವಾರ ಸಂಜೆಯ ಬಸ್ಸಿಗೆ ದೀಪಾಲಿ ಬಂದು ಸೋಮವಾರ ಬೆಳಗಾಗುವ ಮೊದಲೇ ಹೋಗುತ್ತಾಳೆ. ನೀನು ಇನ್ನೂ ನಿನ್ನ ಮೊಮ್ಮಗಳನ್ನು ನೋಡಿಲ್ಲ. ಹೌದು, ಮೂವತ್ನಾಲ್ಕಕ್ಕೇ ನೀನು ಅಜ್ಜ. ನಾಗಶ್ರೀಗೆ ಈಗ ಎರಡೂವರೆ. ಮೂಗು ನಮ್ಮ ಅಮ್ಮನದು, ಹಟ ನಿನ್ನದು.

ಈ ಮನೆಯ ಮುಂದೆ ಒಂದು ಈಜುಕೊಳ ಕಟ್ಟಿಸಿದ್ದಾರೆ. ಎದುರಿಗೆ ಇಡೀ ಸಮುದ್ರ ಇಟ್ಟುಕೊಂಡು ಅಂಗಳದಲ್ಲಿ ನೀರು ತುಂಬಿಸಿ ಈಜುವವರನ್ನು ನಾನು ಇದೇ ಮೊದಲು ನೋಡಿದ್ದು. ಹಳೆಯ ಮನೆಯ ತುಳಸಿಕಟ್ಟೆ ಒಡೆಯಬಾರದೆಂದು ಅದನ್ನು ಹಾಗೇ ಬಿಟ್ಟು ಮಗ್ಗುಲಿಗೇ ತೋಡಿದ್ದಾರೆ. ನಾಗು ಆ ಕಡೆ ಹೋಗುವ ಹೆದರಿಕೆ ಇಲ್ಲ. "ನೀರಲ್ಲಿ ಗುಮ್ಮ ಅದೆ" ಅಂದರೆ ಸಾಕು, ಓಡಿ ಬಂದು ಸೆರಗು ಹಿಡಿಯುತ್ತಾಳೆ. ನಮ್ಮ ಮಗು ಹೇಳಿದ ಮಾತು ಕೇಳುತ್ತದೆ.

ನೀನು ಅಲ್ಲಿ ಏನು ಕೆಲಸ ಮಾಡುತ್ತೀ ಎಂದು ಸರಿಯಾಗಿ ಬರೆದದ್ದೇ ಇಲ್ಲ. ಯಾರಾದರೂ ಕೇಳಿದರೆ "ಕಂಪನಿ" ಅನ್ನುತ್ತೇನೆ. ಎಂತ ಕಂಪನಿ ಅಂದರೆ ಮಳೆಯ ಮಾತು ತೆಗೆಯುತ್ತೇನೆ.

ನಿನ್ನ ಅಕ್ಕ
ದಮಯಂತಿ


ಮಸ್ಕತ್
6 ಮೇ 2004

ಅಕ್ಕನಿಗೆ ನಮಸ್ಕಾರ.

ನನ್ನ ಕೆಲಸ ಕೇಳಿದ್ದೀ. ಕಂಪನಿಯ ದೊಡ್ಡ ಅಧಿಕಾರಿಗಳು ಇರುವ ಕಾಲೊನಿಯಲ್ಲಿ ಅರವತ್ತು ಮನೆಗಳಿವೆ, ಹೆಚ್ಚಿನವರು ಬೇರೆ ಬೇರೆ ದೇಶದವರು. ಇಪ್ಪತ್ತೆರಡು ಮನೆಗೆ ಈಜುಕೊಳವಿದೆ. ಆ ಕೊಳಗಳ ಸುತ್ತಲಿನ ಬೇಲಿ ಮತ್ತು ಗೇಟು ನೋಡಿಕೊಳ್ಳುವುದೇ ನನ್ನ ಕೆಲಸ. ವಾರಕ್ಕೊಮ್ಮೆ ಪ್ರತಿ ಗೇಟನ್ನೂ ತೆರೆದು ಬಿಡಬೇಕು, ಅದು ತಾನಾಗಿ ಮುಚ್ಚಿಕೊಂಡು ಚಿಲಕ ಬಿತ್ತೇ ಎಂದು ನೋಡಬೇಕು, ಪಟ್ಟಿಯಲ್ಲಿ ಗುರುತು ಹಾಕಬೇಕು. ಇದನ್ನು ಊರಲ್ಲಿ ಹೇಳಿದರೆ ನಗುತ್ತಾರೆಂದು ಬರೆದಿರಲಿಲ್ಲ.

ನಿನ್ನ ಪತ್ರ ಓದಿ ನನಗೆ ನಿದ್ದೆ ಬಂದಿಲ್ಲ. ಗುಮ್ಮನ ಮೇಲೆ ಭರವಸೆ ಇಡಬೇಡ. ಎರಡೂವರೆ ವರ್ಷದ ಮಗು ನೀರಿಗೆ ಬಿದ್ದರೆ ಕೂಗುವುದಿಲ್ಲ, ಕೈಕಾಲು ಬಡಿದು ಸದ್ದು ಮಾಡುವುದೂ ಇಲ್ಲ. ಸುಮ್ಮನೆ ಮುಳುಗುತ್ತದೆ. ನೀನು ಪಕ್ಕದ ಕೋಣೆಯಲ್ಲಿದ್ದರೂ ಗೊತ್ತಾಗುವುದಿಲ್ಲ. ಒಡೆಯರಿಗೆ ಹೇಳಿ ಬೇಲಿ ಹಾಕಿಸು. ಇಲ್ಲಿನ ನಿಯಮ ಹೀಗಿದೆ:

1. ಬೇಲಿ ನೆಲದಿಂದ ನಾಲ್ಕು ಅಡಿಗಿಂತ ಗಿಡ್ಡ ಇರಬಾರದು.
2. ಸರಳುಗಳ ನಡುವಿನ ಸಂದು ನಾಲ್ಕು ಇಂಚಿಗಿಂತ ಕಮ್ಮಿ ಇರಬೇಕು. ಮಗುವಿನ ತಲೆ ತೂರಬಾರದು.
3. ನೆಲಕ್ಕೂ ಬೇಲಿಗೂ ನಡುವೆಯೂ ಅಷ್ಟೇ. ಮಕ್ಕಳು ಅಡಿಯಿಂದ ತೆವಳುತ್ತಾರೆ.
4. ಮೇಲೊಂದು ಕೆಳಗೊಂದು ಬಿಟ್ಟರೆ ನಡುವೆ ಅಡ್ಡ ಪಟ್ಟಿ ಬೇಡ. ಅದು ಮಗುವಿಗೆ ಏಣಿ.
5. ಗೇಟು ಹೊರಗಡೆಗೆ ತೆರೆಯಬೇಕು, ಬಿಟ್ಟರೆ ತಾನಾಗಿ ಮುಚ್ಚಬೇಕು. ಚಿಲಕ ಐದು ಅಡಿ ಎತ್ತರದಲ್ಲಿರಬೇಕು.
6. ಬೇಲಿಯಿಂದ ಮೂರು ಅಡಿಯೊಳಗೆ ಕುರ್ಚಿ, ಕುಂಡ, ಕಲ್ಲು, ಹತ್ತುವಂಥದ್ದು ಏನೂ ಇರಬಾರದು.

ಇಷ್ಟು. ದಯವಿಟ್ಟು ನಕ್ಕು ಬಿಡಬೇಡ.

ನಿತೇಶ


ಚಿತ್ತಾಕುಲ
2 ಜೂನ್ 2004

ಗೇಟು ಕಾಯುವ ತಮ್ಮನಿಗೆ,

ನಕ್ಕೆ. ಕ್ಷಮಿಸು. ಅಷ್ಟು ದೂರ ಹೋಗಿ ಗೇಟು ತೆರೆದು ಮುಚ್ಚುತ್ತೀಯಲ್ಲೋ. ಇಲ್ಲೇ ರೈಲ್ವೆಯವರನ್ನು ಕೇಳಿದ್ದರೆ ದಿನಕ್ಕೆ ಹತ್ತು ಸಲ ಮಾಡಿಸುತ್ತಿದ್ದರು. ಆಮೇಲೆ ಮತ್ತೊಮ್ಮೆ ಓದಿದೆ, ಸದ್ದು ಮಾಡದೆ ಮುಳುಗುವ ಸಾಲು. ಆಮೇಲೆ ನಗು ಬರಲಿಲ್ಲ.

ಆರರ ಕೆಳಗೆ ಏಳು ಅಂತ ಅಂಕಿ ಬರೆದು ಹೊಡೆದು ಹಾಕಿದ್ದೀಯಲ್ಲ. ಶಾಯಿ ಮುಗಿಯಿತೋ, ನಿಯಮ ಮುಗಿಯಿತೋ?

ಒಡೆಯರು ಬಂದಿದ್ದರು. ನಿನ್ನ ಪತ್ರ ಕೈಯಲ್ಲಿ ಹಿಡಿದೇ ಹೇಳಿದೆ. ಅವರು ಅದನ್ನು ಓದಲೂ ಇಲ್ಲ. "ಅಕ್ಕೋರೆ, ಸಮುದ್ರ ಕಾಣೂಕೆ ಅಂತ ಕಟ್ಟಿದ ಮನೆ ಇದು. ಸುತ್ತ ಸರಳು ಹಾಕೂಕೆ ಎಂತ ದನದ ದೊಡ್ಡಿಯಾ?" ಅಂದರು. ನಾನು, ಮಗು ಇದೆ ಅಂದೆ. "ಮಗು ನಿಮ್ದು, ನೋಡ್ಕಳೂದು ನಿಮ್ ಕೆಲ್ಸ" ಅಂದರು. ತಪ್ಪೆಂದು ಹೇಗೆ ಹೇಳಲಿ?

ಕಾನೂನು ಏನಾದರೂ ಇದೆಯೋ ಎಂದು ಪಂಚಾಯತಿಯಲ್ಲಿ ಗುರುತಿನ ಗುಮಾಸ್ತರೊಬ್ಬರನ್ನು ಕೇಳಿದೆ. "ಬಾವಿಗೆ ಕಟ್ಟೆ ಕಟ್ಟೂದು ಗೊತ್ತದೆ, ಪಾಯಖಾನೆ ಗುಂಡಿಗೆ ಮುಚ್ಚಳ ಹಾಕೂದು ಗೊತ್ತದೆ. ಈಜುಕೊಳದ ಹೆಸ್ರು ನಾ ಯಾವ ಫಾರ್ಮಲ್ಲೂ ನೋಡ್ಲಿಲ್ಲ" ಅಂದರು ಆ ಪುಣ್ಯಾತ್ಮ.

ಹಾಗಾಗಿ ನನ್ನದೇ ನಿಯಮ ಮಾಡಿಕೊಂಡಿದ್ದೇನೆ. ನನ್ನ ಹಳೆಯ ಹಸಿರು ಸೀರೆಯ ಒಂದು ತುದಿ ನಾಗುವಿನ ಸೊಂಟಕ್ಕೆ, ಇನ್ನೊಂದು ತುದಿ ನನ್ನ ಸೊಂಟಕ್ಕೆ. ಒಲೆಯ ಹತ್ತಿರ ಇದ್ದರೆ ಕಿಟಕಿಯ ಸರಳಿಗೆ. ಅವಳಿಗೆ ಅದು ಆಟ. "ಅಜ್ಜಿ, ನಾ ಕರು" ಅನ್ನುತ್ತಾಳೆ.

ದಮಯಂತಿ


ಮಸ್ಕತ್
24 ಜೂನ್ 2004

ಅಕ್ಕ,

ಆ ಮನೆ ಬಿಡು. ಹಾರವಾಡಕ್ಕೆ ಹೋಗು. ಬೇಲಿ ಹಾಕದವನ ಮನೆಯಲ್ಲಿ ಯಾಕಿರಬೇಕು? ಕೆಲಸ ಬೇಕೇ ಬೇಕು ಎಂದಾದರೆ ಮಗುವನ್ನು ಅಲ್ಲಿ ಇಟ್ಟುಕೊಳ್ಳಬೇಡ. ನಿನಗೆ ತಿಳಿಯುವುದಿಲ್ಲ. ಅಂಗನವಾಡಿಯಲ್ಲಿ ಮೂವತ್ತು ಮಕ್ಕಳನ್ನು ನೋಡಿದ್ದೇನೆ ಎಂಬ ಜಂಬ ಇಲ್ಲಿ ನಡೆಯುವುದಿಲ್ಲ. ಅಲ್ಲಿ ನೀರಿರಲಿಲ್ಲ.

ಏಳರದ್ದು ಏನೂ ಇಲ್ಲ. ಕೈ ತಪ್ಪಿ ಬರೆದದ್ದು.

ನಿತೇಶ


ಚಿತ್ತಾಕುಲ
26 ಸೆಪ್ಟೆಂಬರ್ 2004

ನಿತೇಶನಿಗೆ,

ಮೂರು ತಿಂಗಳು ಉತ್ತರ ಬರೆಯಲಿಲ್ಲ. ಸಿಟ್ಟು ಬಂದಿತ್ತು. ಅಮ್ಮ ಹೋದಾಗ ನಿನಗೆ ಐದು ವರ್ಷ. ನಿನ್ನ ಮೂಗು ಒರೆಸಿದ ಕೈಗೆ ಮಗು ನೋಡಲು ಬರುವುದಿಲ್ಲ ಎಂದು ಬರೆಯುತ್ತೀಯಾ? ಹೋಗಲಿ. ಇವತ್ತು ಸಿಟ್ಟು ಬಿಟ್ಟು ಬರೆಯುವಂಥ ಸುದ್ದಿ ಇದೆ.

ಬೇಲಿ ಬರುತ್ತದೆ! ಚೌತಿಗೆ ಒಡೆಯರು ಬಳಗ ಸಮೇತ ಬಂದಿದ್ದರು. ಬಂದವರಲ್ಲಿ ಒಬ್ಬ ಹೆಂಗಸಿನ ಕೈಯಲ್ಲಿ ಹತ್ತಿಯ ಉಂಡೆಯಂಥ ನಾಯಿ. ಅದು ಮೋದಕದ ವಾಸನೆಗೆ ಓಡಾಡುತ್ತಾ ಕೊಳಕ್ಕೆ ಬಿತ್ತು. ಡ್ರೈವರ್ ಅಂಗಿ ಸಮೇತ ಹಾರಿ ಎತ್ತಿದ. ನಾಯಿ ಸೀನಿತು, ಆಕೆ ಅತ್ತರು, ಒಡೆಯರ ಹೆಂಡತಿಯೂ ಅತ್ತರು. ಮರುದಿನ ಬೆಳಗ್ಗೆ ಒಡೆಯರು ಕರೆದು, "ಅದೆಂತದೋ ಬೇಲಿ ಹೇಳಿದ್ರಲ್ಲ, ಹಾಕ್ಸಿ" ಅಂದರು. ನಾಗುವಿಗೆ ಬರದ ಬೇಲಿ ನಾಯಿಗೆ ಬಂತು. ನನಗೇನು, ಯಾರ ಹೆಸರಿಗಾದರೂ ಬರಲಿ.

ಅಂಕೋಲೆಯಿಂದ ಹುಲಿಯಾನನ್ನು ಕರೆಸಿದ್ದೇನೆ. ನೀನು ಗ್ರಿಲ್ ಕೆಲಸ ಕಲಿತದ್ದು ಅವನ ಹತ್ತಿರವೇ ಅಲ್ಲವೇ? ಮೊದಲ ದಿನವೇ ನಡುವೆ ಅಡ್ಡ ಪಟ್ಟಿ ಹಾಕಿ ಅದರ ಮೇಲೆ ಕಮಲದ ಹೂ ಕೂರಿಸಿದ. ತೆಗೆ ಅಂದೆ. "ಅಕ್ಕೋರೆ, ನಡು ಪಟ್ಟಿ ಇಲ್ದೇ ಗ್ರಿಲ್ಲು ನಿಲ್ಲೂದಾ? ನಾ ಎಂತಾ ನಿನ್ನೆ ಮೊನ್ನೆ ಹುಟ್ದವನಾ?" ಎಂದು ಜಗಳಕ್ಕೇ ಬಂದ. ನಿನ್ನ ಪತ್ರ ಓದಿ ಹೇಳಿದೆ. ಅವನು ಒಂದು ಬೀಡಿ ಸೇದಿ ಮುಗಿಸಿ ಪಟ್ಟಿಯನ್ನೂ ಕಮಲವನ್ನೂ ಕತ್ತರಿಸಿದ.

ಸಂದು ಅಳೆಯಲು ನನಗೆ ಇಂಚು ಪಟ್ಟಿ ಬೇಡ. ಸುಲಿದ ತೆಂಗಿನಕಾಯಿ ಒಂದನ್ನು ಕೈಯಲ್ಲಿ ಹಿಡಿದು ಒಂದೊಂದು ಸಂದಿಗೂ ಒತ್ತಿ ನೋಡುತ್ತಿದ್ದೇನೆ. ತೂರಿದರೆ ಹುಲಿಯಾ ಮತ್ತೆ ಮಾಡಬೇಕು. ನಾಗು ಹಿಂದಿನಿಂದ "ತೂರ್ತಾ ಅಜ್ಜಿ? ತೂರ್ತಾ?" ಎಂದು ಕೇಳುತ್ತಾ ಬರುತ್ತಾಳೆ, ಸೀರೆ ಕಟ್ಟಿಸಿಕೊಂಡೇ.

ತಾನಾಗಿ ಮುಚ್ಚುವ ಗೇಟು ಹುಲಿಯಾನಿಗೆ ತಿಳಿಯಲಿಲ್ಲ. ಅಂಥ ತಿರುಗಣೆ ಕೀಲು ಕಾರವಾರದಲ್ಲೂ ಸಿಗಲಿಲ್ಲ. ನೀನು ಕಳಿಸಬಹುದೇ?

ದಮಯಂತಿ


ಮಸ್ಕತ್
12 ಅಕ್ಟೋಬರ್ 2004

ಪ್ರೀತಿಯ ಅಕ್ಕನಿಗೆ,

ಈ ದೇಶಕ್ಕೆ ಬಂದ ಆರು ವರ್ಷದಲ್ಲಿ ಇಷ್ಟು ಸಂತೋಷದ ಪತ್ರ ನನಗೆ ಬಂದಿಲ್ಲ. ತೆಂಗಿನಕಾಯಿಯ ವಿಷಯ ನಮ್ಮ ಮೇಲಿನವರಿಗೂ ಹೇಳಿದೆ. ಅವರು ನಕ್ಕು, ಸರಿಯಾದ ಅಳತೆ ಅಂದರು.

ಹಾರವಾಡದ ಮಾದ ದೀಪಾವಳಿ ರಜೆಗೆ ಬರುತ್ತಿದ್ದಾನೆ. ಅವನ ಕೈಯಲ್ಲಿ ಎರಡು ಸ್ಪ್ರಿಂಗ್ ತಿರುಗಣೆ ಮತ್ತು ಒಂದು ಚಿಲಕ ಕಳಿಸಿದ್ದೇನೆ. ಗೇಟಿನ ಕಂಬವನ್ನು ಐದು ಅಡಿಗೆ ಏರಿಸಿ ಚಿಲಕ ಅದರ ತುದಿಗೆ ಹಾಕಲು ಹುಲಿಯಾನಿಗೆ ಹೇಳು. ಸ್ಪ್ರಿಂಗು ಗಟ್ಟಿ ಇದೆ. ಒಂದು ಗೇಣು ತೆರೆದು ಬಿಟ್ಟರೂ ಮುಚ್ಚಬೇಕು, ಪೂರ್ತಿ ತೆರೆದು ಬಿಟ್ಟರೂ ಮುಚ್ಚಬೇಕು. ಎರಡೂ ನೋಡು.

ನಾಗು ಕರುವಾಗಿರುವ ಒಂದು ಫೋಟೋ ತೆಗೆಸಿ ಕಳಿಸು.

ನಿನ್ನ ನಿತೇಶ


ಚಿತ್ತಾಕುಲ
18 ನವೆಂಬರ್ 2004

ತಮ್ಮಾ,

ಗೇಟು ನಿಂತಿತು. ಒಂದು ಗೇಣು, ಪೂರ್ತಿ, ಎರಡೂ ನೋಡಿದೆ. ಟಪ್ ಎಂದು ಮುಚ್ಚಿಕೊಳ್ಳುತ್ತದೆ. ಹುಲಿಯಾ ಅದನ್ನು ಹತ್ತು ಸಲ ತೆರೆದು ಬಿಟ್ಟು, "ನಮ್ ಹುಡ್ಗ ಕಳ್ಸಿದ್ದು" ಎಂದು ಎಲ್ಲರಿಗೂ ತೋರಿಸಿದ. ನಾಗು ಸರಳು ಹಿಡಿದು ಅಲುಗಾಡಿಸಿ ಸೋತು ಹೋದಳು. ಹತ್ತಲು ಬರುವುದಿಲ್ಲ, ತೂರಲು ಬರುವುದಿಲ್ಲ. ಮೊನ್ನೆ ಹಸಿರು ಸೀರೆ ಒಗೆದು ಮಡಚಿ ಪೆಟ್ಟಿಗೆಯಲ್ಲಿಟ್ಟೆ. ಆರು ತಿಂಗಳ ಮೇಲೆ ನನ್ನ ಸೊಂಟ ನನ್ನದಾಯಿತು. ಅವಳು ಅಂಗಳದ ತುಂಬ ಓಡುತ್ತಾಳೆ. ನಾನು ಒಲೆಯ ಮುಂದೆ ನಿಂತು ಅವಳ ಹಾಡು ಕೇಳುತ್ತೇನೆ. ಎಷ್ಟು ಹಗುರಾಗಿದೆ ಗೊತ್ತೇ? ಇದು ನೀನು ಕೊಟ್ಟದ್ದು.

ಒಂದೇ ಒಂದು ತಕರಾರು. ತುಳಸಿಕಟ್ಟೆ ಕೊಳದ ಮಗ್ಗುಲಿಗೇ ಇರುವುದರಿಂದ ಬೇಲಿಯ ಒಳಗೆ ಸೇರಿತು. ಈಗ ಕಾರ್ತಿಕ, ದಿನಾ ಮುಚ್ಚಂಜೆಗೆ ದೀಪ ಇಡಬೇಕು. ದೇವರ ಮುಂದಿನ ದೀಪದಿಂದ ಹಣತೆ ಹಚ್ಚಿಕೊಂಡು ಹೋಗುವುದು ನಮ್ಮ ಪದ್ಧತಿ, ನಿನಗೆ ಗೊತ್ತಲ್ಲ. ತುಳಸಿಯ ಮುಂದೆ ನಿಂತು ಕಡ್ಡಿ ಗೀರುವುದು ನಮ್ಮಲ್ಲಿಲ್ಲ, ನಡುವೆ ದೀಪ ಆರಲೂ ಬಾರದು. ಒಂದು ಕೈಯಲ್ಲಿ ಹಣತೆ, ಇನ್ನೊಂದು ಕೈ ಸಮುದ್ರದ ಗಾಳಿಗೆ ಅಡ್ಡ. ನಿನ್ನ ಐದು ಅಡಿಯ ಚಿಲಕ ತೆಗೆಯಲು ಮೂರನೆಯ ಕೈ ಎಲ್ಲಿಂದ ತರಲಿ? ಮೊದಲ ದಿನ ಮೊಣಕೈಯಿಂದ ತೆಗೆದೆ, ಗೇಟು ಬೆನ್ನಿಗೆ ಬಡಿದು ದೀಪ ಆರಿತು. ಎರಡನೆಯ ದಿನವೂ ಆರಿತು. ಮನಸ್ಸಿಗೆ ಬಹಳ ಕೆಟ್ಟದೆನಿಸಿತು. ಮೂರನೆಯ ದಿನದಿಂದ ಅರ್ಧ ಚಿರೆಕಲ್ಲು ತಂದಿಟ್ಟುಕೊಂಡಿದ್ದೇನೆ. ಮೊದಲು ಹೋಗಿ ಗೇಟು ತೆರೆದು ಕಲ್ಲು ಅಡ್ಡ ಇಟ್ಟು ಬರುತ್ತೇನೆ. ಆಮೇಲೆ ದೀಪ ಒಯ್ಯುತ್ತೇನೆ, ಬರುವಾಗ ಕಲ್ಲು ಕಾಲಲ್ಲಿ ಸರಿಸುತ್ತೇನೆ. ಎಲ್ಲ ಸೇರಿ ಒಂದು ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತು. ನಾಗು ಆಗ ನನ್ನ ಹಿಂದೆಯೇ ಇರುತ್ತಾಳೆ, ತುಳಸಿಗೆ ಅಬ್ಬಲಿಗೆ ಹೂ ಹಾಕುವುದು ಅವಳ ಕೆಲಸ.

ಫೋಟೋ ತೆಗೆಸಬೇಕು. ದೀಪಾಲಿ ಬಂದಾಗ ಸದಾಶಿವಗಡಕ್ಕೆ ಹೋಗಿ ತೆಗೆಸುತ್ತೇವೆ. ಈಗ ಕರುವಿನ ಫೋಟೋ ಆಗುವುದಿಲ್ಲ, ಕರು ಬಿಡುಗಡೆಯಾಗಿದೆ.

ನಿನ್ನ ಅಕ್ಕ


ಮಸ್ಕತ್
1 ಡಿಸೆಂಬರ್ 2004

ಅಕ್ಕ,

ನಿನ್ನ ಪತ್ರ ಈಗ ಬಂತು. ಊಟ ಅರ್ಧಕ್ಕೆ ಬಿಟ್ಟು ಬರೆಯುತ್ತಿದ್ದೇನೆ. ಆ ಕಲ್ಲು ತೆಗೆ. ಇದನ್ನು ಓದಿದ ಕೂಡಲೇ ಎದ್ದು ಹೋಗಿ ಅದನ್ನು ನದಿಗೆ ಎಸೆದು ಬಾ. ದೀಪ ಆರಿದರೆ ಆರಲಿ. ತುಳಸಿಯ ಪಾಪ ನನಗೆ ಬರಲಿ. ಸೀರೆ ಪೆಟ್ಟಿಗೆಯಿಂದ ತೆಗೆದು ಮತ್ತೆ ಕಟ್ಟು.

ಬಂಗಲೆಯ ಹತ್ತಿರದ ಸುಬ್ಬಿಯ ಅಂಗಡಿಗೆ ಫೋನ್ ಮಾಡಿ ನಿನ್ನನ್ನು ಕರೆಸೋಣವೆಂದು ಎರಡು ಸಲ ಎದ್ದೆ. ಫೋನ್ ಕಾರ್ಡು ಜೇಬಿನಲ್ಲೇ ಇದೆ. ಫೋನಿನಲ್ಲಿ ನೀನು ಯಾಕೆ ಏನು ಎಂದು ಕೇಳುತ್ತೀ. ಬರೆದರೆ ಮಾತು ಕೇಳುತ್ತೀ. ಅದಕ್ಕೆ ಬರೆದಿದ್ದೇನೆ. ಯಾಕೆಂದು ಕೇಳಬೇಡ.

ನಿತೇಶ


ಹಾರವಾಡ
20 ಫೆಬ್ರವರಿ 2005

ನಿತೇಶನಿಗೆ,

ನೀನು ಫೋನ್ ಮಾಡಿದಾಗಲೆಲ್ಲ ಮಾದನ ಮನೆಯವರು ಕರೆದರು. ನಾನು ಹೋಗಲಿಲ್ಲ. ಬಾಯಿಯಿಂದ ಹೇಳುವ ಶಕ್ತಿ ಇರಲಿಲ್ಲ. ಅವರಿವರಿಂದ ನೀನು ಎಷ್ಟು ಕೇಳಿದ್ದೀಯೋ ತಿಳಿಯದು. ನನ್ನ ಕೈಯಿಂದ ಒಂದು ಸಲ ಬರೆದುಬಿಡುತ್ತೇನೆ.

ಡಿಸೆಂಬರ್ ಹನ್ನೊಂದು, ಶನಿವಾರ. ಕಾರ್ತಿಕದ ಕೊನೆ. ಕಲ್ಲಿಟ್ಟು ಬಂದು ದೀಪ ಒಯ್ದೆ. ನಾಗು ಹೂ ಹಾಕಿದಳು, ಕೈ ಮುಗಿದಳು. ಅಷ್ಟರಲ್ಲಿ ರಸ್ತೆಯ ಕಡೆ ಕಾರಿನ ಹಾರ್ನು. ಒಡೆಯರು ಹೇಳದೆ ಕೇಳದೆ ಬಂದಿದ್ದರು, ಎರಡು ಕಾರು. ನಾಗುವನ್ನು ಎತ್ತಿಕೊಂಡು ಬಂದು ನಮ್ಮ ಕೋಣೆಯ ಮೆಟ್ಟಿಲ ಮೇಲೆ ಕೂರಿಸಿ, "ಇಲ್ಲೇ ಕೂತ್ಕ, ಅಜ್ಜಿ ಬತ್ತದೆ ಈಗ" ಎಂದು ಹೇಳಿ ದೊಡ್ಡ ಗೇಟು ತೆಗೆಯಲು ಓಡಿದೆ. ಮಗುವನ್ನು ಎತ್ತಿಕೊಂಡಿದ್ದರಿಂದ ಕಲ್ಲು ಸರಿಸಲಿಲ್ಲ. ಮರೆತೆನೆಂದು ಹೇಳಲಾರೆ. ಕಾಲಿನ ಹತ್ತಿರವೇ ಇತ್ತು, ನೋಡಿದೆ, ಈಗ ಬಂದು ಸರಿಸುತ್ತೇನೆ ಅಂದುಕೊಂಡೆ.

ಎರಡು ಕಾರು ಒಳಗೆ ಬಂದವು. ಒಂದು ಚೀಲ ಇಳಿಸಿದೆ. ಎರಡನೆಯ ಚೀಲ ಇಳಿಸುವಾಗ ಮೆಟ್ಟಿಲು ನೋಡಿದೆ. ಅಲ್ಲಿರಲಿಲ್ಲ. ಸದ್ದೇ ಇರಲಿಲ್ಲ ತಮ್ಮಾ. ನೀನು ಬರೆದ ಹಾಗೆಯೇ.

ತುಳಸಿಗೆ ಹಾಕಿದ ಅಬ್ಬಲಿಗೆ ಹೂ ಗಾಳಿಗೆ ಹಾರಿ ನೀರಿನ ಮೇಲೆ ಬಿದ್ದಿತ್ತು. ಅವಳು ಅದಕ್ಕೆ ಕೈ ಚಾಚಿದ್ದಿರಬೇಕು. ಡ್ರೈವರ್ ಹಾರಿ ಎತ್ತಿದ, ನಾಯಿಯನ್ನು ಎತ್ತಿದವನೇ. ಆಸ್ಪತ್ರೆಗೆ ಸೇತುವೆ ದಾಟುವ ತನಕ ನನ್ನ ತೊಡೆಯ ಮೇಲೆ ಬೆಚ್ಚಗೇ ಇದ್ದಳು. ದೀಪಾಲಿ ಏಳೂವರೆಯ ಬಸ್ಸಿಗೆ ಇಳಿದಳು. ಫೋಟೋ ತೆಗೆಸಲೆಂದು ಹೊಸ ಅಂಗಿ ತಂದಿದ್ದಳು.

ನಿನ್ನ ಪತ್ರ ಬಂದದ್ದು ಐದನೆಯ ದಿನ. ಕಲ್ಲು ತೆಗೆ ಎಂದು ಬರೆದಿದ್ದೀ. ಆಗಲೇ ಪೊಲೀಸರು ಅದನ್ನು ಒಯ್ದಿದ್ದರು. ಯಾರು ಇಟ್ಟದ್ದು ಎಂದು ಕೇಳಿದರು. ನಾನು ಅಂದೆ. ಬೇಲಿ ಅಳೆದರು. ನಾಲ್ಕು ಅಡಿ ಇದೆ, ಸಂದು ಸರಿ ಇದೆ, ಗೇಟು ತಾನಾಗಿ ಮುಚ್ಚುತ್ತದೆ ಎಂದು ಬರೆದುಕೊಂಡರು. ಒಡೆಯರು, "ನೋಡಿ ಸಾಹೇಬ್ರೆ, ಈ ತಾಲೂಕಲ್ಲಿ ಇಂಥ ಬೇಲಿ ಬೇರೆ ಎಲ್ಲಾದ್ರೂ ಅದೆಯಾ?" ಅಂದರು. ಅವರ ಮೇಲೆ ಯಾವ ಮಾತೂ ಬರಲಿಲ್ಲ. ನಿನ್ನ ಆರು ನಿಯಮ ಅವರನ್ನು ಕಾಪಾಡಿದವು.

ನನ್ನನ್ನು ಎರಡು ದಿನ ಕರೆದು ಕೂರಿಸಿದರು. ದೀಪಾಲಿ ಅರ್ಜಿ ಕೊಡುವುದಿಲ್ಲ ಎಂದು ಬರೆದುಕೊಟ್ಟಳಂತೆ, ಬಿಟ್ಟರು. ಅದಾದ ಮೇಲೆ ಅವಳು ನನ್ನ ಹತ್ತಿರ ಒಂದು ಮಾತೂ ಆಡಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹೊಡೆದಿದ್ದರೂ ಚೆನ್ನಾಗಿತ್ತು.

ಬೇಲಿ ಇಲ್ಲದಾಗ ಆ ಸೀರೆ ಆರು ತಿಂಗಳು ಅವಳನ್ನು ಹಿಡಿದಿತ್ತು. ಬೇಲಿ ಬಂತೆಂದು ಬಿಚ್ಚಿದೆ. ಇದೊಂದನ್ನೇ ಬೆಳಗಿನಿಂದ ಸಂಜೆಯ ತನಕ ಯೋಚಿಸುತ್ತೇನೆ.

ದಮಯಂತಿ


ಮಸ್ಕತ್
14 ಮಾರ್ಚ್ 2005

ಅಕ್ಕ,

ಈ ಪತ್ರವನ್ನು ಹರಿದು ಹರಿದು ಏಳೆಂಟು ಸಲ ಬರೆದಿದ್ದೇನೆ. ಇದಾದರೂ ನಿನಗೆ ಮುಟ್ಟಲಿ.

ಇಲ್ಲಿಗೆ ಬಂದ ಎರಡನೆಯ ವರ್ಷ. ಆಗ ನನ್ನ ಕೆಲಸ ಗೇಟು ನೋಡುವುದಲ್ಲ, ಕೊಳಕ್ಕೆ ಔಷಧಿ ಹಾಕುವುದು. ಎರಡು ಕೈಯಲ್ಲೂ ಡಬ್ಬಿ ಇರುತ್ತಿದ್ದವು. ಪ್ರತಿ ಸಲ ಇಳಿಸಿ ಚಿಲಕ ತೆಗೆಯುವುದು ಬೇಸರವೆಂದು ಗೇಟಿಗೆ ಒಂದು ಇಟ್ಟಿಗೆ ಅಡ್ಡ ಇಡುತ್ತಿದ್ದೆ. ಎಲ್ಲರೂ ಇಡುತ್ತಿದ್ದರು. ಒಂದು ದಿನ ಮೂರನೆಯ ಡಬ್ಬಿ ತರಲು ಹೋಗಿ ಬರುವಷ್ಟರಲ್ಲಿ ಆ ಮನೆಯ ಹುಡುಗ ನೀರಿನಲ್ಲಿದ್ದ. ಎರಡು ವರ್ಷ, ಕೆಂಪು ಕೂದಲು. ನಾನೇ ಎತ್ತಿದೆ. ಜೀವ ಉಳಿಯಿತು. ಆದರೆ ಅವನು ಮತ್ತೆ ಮಾತಾಡಲಿಲ್ಲ, ತಾಯಿಯ ಗುರುತೂ ಹಿಡಿಯಲಿಲ್ಲ. ಆರು ತಿಂಗಳಿಗೆ ಅವರು ತಮ್ಮ ದೇಶಕ್ಕೆ ಹೋದರು.

ಜನ ಓಡಿ ಬರುವ ಮೊದಲು ನಾನು ಇಟ್ಟಿಗೆಯನ್ನು ಕಾಲಿನಿಂದ ಗಿಡದ ಬುಡಕ್ಕೆ ತಳ್ಳಿದೆ. ಮಗುವನ್ನು ತೋಳಲ್ಲಿ ಇಟ್ಟುಕೊಂಡೇ ತಳ್ಳಿದೆ. ವಿಚಾರಣೆಯಲ್ಲಿ ಗೇಟಿನ ಸ್ಪ್ರಿಂಗು ಸಡಿಲವಿತ್ತು ಎಂದಾಯಿತು. ಮಗುವನ್ನು ಎತ್ತಿದವನೆಂದು ನನಗೆ ಶಾಲು ಹೊದಿಸಿದರು, ಎಲ್ಲ ಗೇಟುಗಳ ಜವಾಬ್ದಾರಿ ಕೊಟ್ಟರು. ಸ್ವಲ್ಪ ದಿನಕ್ಕೆ ಬೇರೆ ಯಾರೋ ಇಟ್ಟಿಗೆ ಇಟ್ಟದ್ದು ಮೇಲಿನವರ ಕಣ್ಣಿಗೆ ಬಿತ್ತು. ಆಗ ಪಟ್ಟಿಗೆ ಏಳನೆಯ ನಿಯಮ ಸೇರಿಸಿದರು: ಯಾವ ಕಾರಣಕ್ಕೂ, ಒಂದು ನಿಮಿಷಕ್ಕೂ, ಗೇಟಿಗೆ ಏನನ್ನೂ ಅಡ್ಡ ಇಡಬಾರದು.

ನಿನಗೆ ಬರೆಯುವಾಗ ಏಳು ಎಂದು ಅಂಕಿ ಹಾಕಿದೆ. ಕೈ ಮುಂದೆ ಹೋಗಲಿಲ್ಲ. ಅದನ್ನು ಬರೆದರೆ ನೀನು ಯಾಕೆಂದು ಕೇಳುತ್ತೀ ಅನಿಸಿತು. ನೀನು ಕೇಳಿದರೆ ನನಗೆ ಸುಳ್ಳು ಹೇಳಲು ಬರುವುದಿಲ್ಲ, ಚಿಕ್ಕಂದಿನಿಂದಲೂ. ಹೊಡೆದು ಹಾಕಿದೆ. ನೀನು ಆ ಅಂಕಿಯನ್ನೂ ಕಂಡು ಕೇಳಿದೆ. ಆಗ ಕೈ ತಪ್ಪಿತೆಂದು ಮೊದಲ ಸಲ ನಿನಗೆ ಸುಳ್ಳು ಬರೆದೆ. ಡಿಸೆಂಬರಿನಲ್ಲಿ ಕಲ್ಲಿನ ಸುದ್ದಿ ಓದಿದ ದಿನ ಫೋನ್ ಮಾಡದೇ ಇದ್ದದ್ದೂ ಅದಕ್ಕೇ.

ನಾಗುವಿನ ಸಾವು ನಿನ್ನ ಕಲ್ಲಿನಿಂದಲ್ಲ. ನನ್ನಿಂದ. ದೀಪಾಲಿಗೆ ಇದನ್ನೆಲ್ಲ ಬರೆಯುತ್ತೇನೆ. ಅವಳ ವಿಳಾಸ ಕಳಿಸು.

ನಿತೇಶ


ಹಾರವಾಡ
9 ಮೇ 2005

ನಿತೇಶನಿಗೆ,

ನಿನ್ನ ಪತ್ರ ಎರಡು ಸಲ ಓದಿ ಒಲೆಗೆ ಹಾಕಿದೆ.

ಸಮಾಧಾನ ಮಾಡುತ್ತೇನೆ ಎಂದುಕೊಂಡಿದ್ದರೆ ಇಲ್ಲ. ನನ್ನಿಂದ ಆಗುವುದಿಲ್ಲ. ಒಂದು ಸಾಲು ತಮ್ಮಾ. ಆರು ಸಾಲು ಬರೆದ ಕೈ ಇನ್ನೊಂದು ಸಾಲು ಬರೆದಿದ್ದರೆ ನಾನು ಆ ಕಲ್ಲು ಮುಟ್ಟುತ್ತಿರಲಿಲ್ಲ. ತೆಂಗಿನಕಾಯಿ ಹಿಡಿದು ಒಂದೊಂದು ಸಂದಿಯನ್ನೂ ಅಳೆದವಳು ನಾನು. ನೀನು ಹೇಳಿದ್ದರಲ್ಲಿ ಒಂದನ್ನಾದರೂ ಬಿಟ್ಟಿದ್ದೆನೇ? ನಿನ್ನ ಮೇಲೆ ನನಗೆ ಬಹಳ ಸಿಟ್ಟಿದೆ. ನೀನು ಇಟ್ಟಿಗೆಯನ್ನು ತಳ್ಳಿದೆ, ನಾನು ಕಲ್ಲು ತೋರಿಸಿದೆ. ನಿನ್ನನ್ನು ಸಾಕಿದವಳು ನಾನೇ, ನಾವು ಹೀಗೆ ಬೇರೆ ಯಾಕಾದೆವೋ.

ಆದರೆ ದೀಪಾಲಿಗೆ ನೀನು ಏನನ್ನೂ ಬರೆಯಕೂಡದು. ಅವಳಿಗೆ ದ್ವೇಷಿಸಲು ನಾನೊಬ್ಬಳು ಸಾಕು. ನೀನೂ ಹೋದರೆ ಅವಳಿಗೆ ತವರು ಎಂದು ಯಾರಿದ್ದಾರೆ? ವಿಳಾಸ ಬೇರೆ ಚೀಟಿಯಲ್ಲಿ ಬರೆದು ಇಟ್ಟಿದ್ದೇನೆ. ಊಟ ಆಯಿತೇ, ಮಳೆ ಬಂತೇ ಎಂದು ಬರೆ. ಮಾವನಾಗಿ ಬರೆ. ಇದು ನಿನಗೆ ಶಿಕ್ಷೆ ಅಂದುಕೊಂಡರೆ ಅದೂ ಸರಿ.

ಇನ್ನೊಂದು ಸುದ್ದಿ. ಹೋದ ವಾರ ಹುಲಿಯಾ ಒಂದು ಟೆಂಪೋದಲ್ಲಿ ನಮ್ಮ ಗೇಟು ಹಾಕಿಕೊಂಡು ಬಂದ. ಕೇಸು ಮುಗಿಯಿತು, ಮನೆಯಲ್ಲಿ ಈಗ ಮಗುವೂ ಇಲ್ಲ, ಸಮುದ್ರ ಕಾಣುವುದಿಲ್ಲ ಎಂದು ಒಡೆಯರು ಅವನನ್ನೇ ಕರೆಸಿ ಬೇಲಿ ಕತ್ತರಿಸಿ ತೆಗೆಸಿದರಂತೆ. "ಎಲ್ಲಾ ಗುಜ್ರಿಗೆ ಹಾಕ್ದೆ ಅಕ್ಕೋರೆ, ಇದೊಂದ್ನ ಹಾಕೂಕೆ ಮನ್ಸ್ ಬರ್ಲಿಲ್ಲ" ಎಂದು ಗೋಡೆಗೆ ಒರಗಿಸಿ ಹೋದ. ಅಲ್ಲೇ ಇದೆ. ತಿರುಗಣೆ ಇನ್ನೂ ಗಟ್ಟಿ ಇದೆ.

ನಿನ್ನೆ ಚಿತ್ತಾಕುಲಕ್ಕೆ ಹೋಗಿದ್ದೆ. ನನ್ನ ಜಾಗಕ್ಕೆ ಕಲಾವತಿ ಎಂಬ ಹೆಂಗಸು ಬಂದಿದ್ದಾಳೆ, ಗಂಡ ವಾಚ್‌ಮನ್. ಮನೆಯಲ್ಲಿ ಮಗು ಇಲ್ಲ ಅಂದರಲ್ಲ, ಇವಳಿಗೆ ಎರಡಿವೆ. ದೊಡ್ಡದಕ್ಕೆ ಮೂರು, ಚಿಕ್ಕದು ತೆವಳುತ್ತದೆ. ಹಿಂದುಗಡೆಯವರ ಮಕ್ಕಳನ್ನು ಅವರು ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಸಿರು ಸೀರೆ ಒಯ್ದಿದ್ದೆ. ಒಂದು ತುದಿ ಇಲ್ಲಿ, ಒಂದು ತುದಿ ಇಲ್ಲಿ ಎಂದು ಕಟ್ಟಿ ತೋರಿಸಿದೆ. ನಿನ್ನ ಏಳು ನಿಯಮವನ್ನೂ ಹೇಳಿದೆ, ಒಂದೂ ಬಿಡದೆ. ನಾನು ಯಾರೆಂದೂ ಹೇಳಿದೆ. ಅವಳು ಕೇಳಿಸಿಕೊಂಡಳು, ಪಾಪ, ಚಹಾ ಕೊಟ್ಟಳು. ದೀಪದ ಹೊತ್ತಾಯಿತೆಂದು ಎದ್ದು ಹಣತೆ ಹಚ್ಚಿಕೊಂಡು, ಗಾಳಿಗೆ ಕೈ ಅಡ್ಡ ಹಿಡಿದು ತುಳಸಿಯ ಕಡೆ ನಡೆದಳು. ದೊಡ್ಡ ಮಗು ಹೂ ಹಿಡಿದು ಹಿಂದೆ ಹೋಯಿತು. ತೆರೆಯಲು ಗೇಟೂ ಇರಲಿಲ್ಲ.

ಬರುವಾಗ ಸೀರೆ ಮಡಚಿ ನನ್ನ ಕೈಗೇ ಕೊಟ್ಟಳು. "ಬ್ಯಾಡಾ ಅಕ್ಕೋರೆ, ಕಟ್ಟಿ ಹಾಕೂದೆಲ್ಲ ಎಂತಕೆ? ನಮ್ ಮಕ್ಳು ಹೇಳಿದ್ ಮಾತ್ ಕೇಳ್ತವೆ" ಅಂದಳು.

ಇದೇ ಮಾತನ್ನು ಹೋದ ವರ್ಷ ಏಪ್ರಿಲಿನಲ್ಲಿ ನಾನು ನಿನಗೆ ಬರೆದಿದ್ದೆ. ಆ ಪತ್ರ ನಿನ್ನ ಹತ್ತಿರ ಇದ್ದರೆ ತೆಗೆದು ನೋಡು.

ಅಕ್ಕ